ಅಲುಗಿಸಬಾರದು

"ಒಂದು ಮಾತ್ರ ನೆನಪಿಟ್ಕೊಳ್ಳಿ. ಮಿಷಿನ್ ಕಟ್ಟಿರೋ ರಾತ್ರಿ ನೀವು ಅವರನ್ನ ಅಲುಗಿಸಬಾರದು." ಶಿವಮೊಗ್ಗದ ಡಾಕ್ಟರು ಹೇಳಿದ ಈ ಮಾತು ಬಸ್ಸಿಳಿದು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತ ಮೇಲೂ ಜಗದಾಂಬಳ ಕಿವಿಯಲ್ಲೇ ಇತ್ತು.

ಸೊರಬದ ಬಸ್ಸಿಗೆ ಇನ್ನೂ ಅರ್ಧ ಗಂಟೆ. ಪಕ್ಕದಲ್ಲಿ ಗಂಡ ಬೆನಕಪ್ಪ. ಹದಿನೆಂಟು ವರ್ಷ ಇದೇ ರಸ್ತೆಯಲ್ಲಿ ಬಸ್ಸು ಓಡಿಸಿದವನು. ಹೋದ ತಿಂಗಳು ಉಡುತಡಿಯ ತಿರುವಿನಲ್ಲಿ, ಮಟಮಟ ಮಧ್ಯಾಹ್ನ, ಸ್ಟೇರಿಂಗ್ ಹಿಡಿದಲ್ಲೇ ಜೋಂಪು ಹತ್ತಿ ಬಸ್ಸು ಗದ್ದೆಗಿಳಿದಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮಾಲೀಕ ಸದಾಶಿವಪ್ಪ ಬೈಯಲೂ ಇಲ್ಲ. ಡಾಕ್ಟರ ಕಾಗದ ತರುವವರೆಗೆ ಗಾಡಿ ಮುಟ್ಟಬೇಡ ಎಂದಷ್ಟೇ ಹೇಳಿದ.

ನಿದ್ದೆಯಲ್ಲಿ ಇವರ ಉಸಿರು ನಿಂತು ನಿಂತು ಬರುತ್ತಿರಬೇಕು ಎಂದಿದ್ದರು ಡಾಕ್ಟರು. ಪರೀಕ್ಷೆಗೆ ಎರಡು ದಾರಿ. ಸಣ್ಣ ಮಿಷಿನ್ನೊಂದನ್ನು ಮನೆಗೊಯ್ದು, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು ಹಾಕಿಕೊಂಡು ತನ್ನ ಹಾಸಿಗೆಯಲ್ಲೇ ಮಲಗುವುದು. ಅದರಲ್ಲಿ ಏನೂ ಸಿಗದಿದ್ದರೆ ಮತ್ತೆ ಲ್ಯಾಬೇ ಗತಿ. ಇಲ್ಲವೇ ನೇರ ಬೆಂಗಳೂರಿನ ಲ್ಯಾಬಿಗೆ ಹೋಗುವುದು. ಅಲ್ಲಿ ತಲೆಗೂ ತಂತಿ ಅಂಟಿಸುತ್ತಾರೆ, ರಾತ್ರಿಯಿಡೀ ಒಬ್ಬರು ಕೂತು ನೋಡುತ್ತಾರೆ. ಮಿಷಿನ್ ಇರುವುದು ಒಂದೇ, ಬೇಕೋ ಬೇಡವೋ ಐದು ಗಂಟೆಯೊಳಗೆ ಫೋನ್ ಮಾಡಿ ತಿಳಿಸಬೇಕು.

"ಮನೇಲೇ ಆಗ್ಲಿ ಬಿಡು. ಯಾರೋ ನೋಡ್ತಾ ಕೂತ್ರೆ ನಂಗೆ ನಿದ್ದೆ ಹತ್ತುತ್ತೇನು?" ಎಂದ ಬೆನಕಪ್ಪ.

"ಅದೂ ಹೌದು. ಆದ್ರೆ ಮನೇಲಿ ನಾನು..."

"ನೀನೇನು?"

"ಏನಿಲ್ಲ ಬಿಡ್ರೀ."

ಆರು ವರ್ಷದಿಂದ ಅವನ ಗೊರಕೆ ತಟ್ಟನೆ ನಿಂತಾಗಲೆಲ್ಲ ಅವಳ ಕೈ ತಾನಾಗಿ ಅವನ ಭುಜ ಅಲುಗಿಸುತ್ತಿತ್ತು. ಅವನಿಗಿದು ಗೊತ್ತಿರಲಿಲ್ಲ. ಅವನು ತೂಕ ನೋಡಿಸಲು ಆಚೆ ಹೋದಾಗ ಡಾಕ್ಟರ ಮುಂದೆ ಮಾತ್ರ ಬಾಯಿಬಿಟ್ಟಿದ್ದಳು. ಅಲುಗಿಸಿದರೆ ಉಸಿರು ನಿಲ್ಲುವುದು ಮಿಷಿನ್ನಿಗೆ ಸಿಗುವುದೇ ಇಲ್ಲ ಎಂದಿದ್ದರು ಅವರು.

ಅಷ್ಟರಲ್ಲಿ ಬೆನಕಪ್ಪನ ಗದ್ದ ಎದೆಗೆ ಬಿತ್ತು. ಗೊರಕೆ ಏರಿತು, ನಿಂತಿತು. ಜಗದಾಂಬ ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡಳು. ತನ್ನಿಂದಾಗುತ್ತದೋ ನೋಡೋಣವೆಂದು ಎಣಿಸತೊಡಗಿದಳು. ಹತ್ತು. ಹದಿನೈದು. ಇಪ್ಪತ್ತಕ್ಕೆ ಅವನ ತುಟಿ ಕಪ್ಪಿಟ್ಟಂತೆ ಕಂಡಿತು, ನೆರಳಿಗೋ ಏನೋ. ಇಪ್ಪತ್ತೆರಡಕ್ಕೆ ಅವನ ಭುಜ ಅವಳ ಕೈಯಲ್ಲಿತ್ತು.

"ಏನೇ? ಬಸ್ ಬಂತಾ?"

"ಇಲ್ಲ. ಎದ್ದಿರ್ರೀ, ಈಗ ಬಂದೆ."

ಎಸ್‌ಟಿಡಿ ಬೂತಿನಿಂದ ಡಾಕ್ಟರ ಕ್ಲಿನಿಕ್ಕಿಗೆ ಫೋನು ಹಚ್ಚಿ, ಲ್ಯಾಬಿಗೇ ಹೋಗುತ್ತೇವೆ ಎಂದಳು. ಹೇಳಿದ ಮೇಲೂ ಸರಿಯೋ ತಪ್ಪೋ ತಿಳಿಯಲಿಲ್ಲ. ಹೊಸ ಜಾಗದಲ್ಲಿ ಅವರಿಗೆ ನಿದ್ದೆಯೇ ಬಾರದಿದ್ದರೆ? ಬಂದು, ಉಸಿರು ನಿಂತರೆ?

"ಅಲ್ರೀ, ಅಲ್ಲಿ ರಾತ್ರಿ ಎಚ್ಚರ ಇರೋರು ಯಾರು?"

"ಟೆಕ್ನಿಶಿಯನ್ ಇರ್ತಾರಮ್ಮ."

"ಅವರ ಹೆಸರೇನ್ರೀ?"

"ಕೇಳಿ ಹೇಳ್ತೀನಿ, ಲೈನಲ್ಲೇ ಇರಿ" ಎಂದಳು ಆ ಕಡೆಯ ಹೆಂಗಸು.

ಜಗದಾಂಬ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಬೂತಿನವನಿಂದ ಪೆನ್ನು ಇಸಿದುಕೊಂಡು, ಎಡಗೈ ಬಿಚ್ಚಿ ಹಿಡಿದು ನಿಂತಳು.