ರಿಪೇರಿ ಮಾವನ ಕೆಂಪು ಹೆಲ್ಮೆಟ್ಟು

ಮನೆಯಲ್ಲಿ ರಿಪೇರಿ ಗೊತ್ತಿರುವ ಗಂಡಸು ಒಬ್ಬನಿದ್ದರೆ ಆ ಮನೆಯ ಯಾವ ಸಾಮಾನಿಗೂ ಮುಕ್ತಿ ಇಲ್ಲ. ಟೈಲರಮ್ಮನ ಮನೆಯ ಕಥೆ ಇದೇ. ಕುಕ್ಕರಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದೆ. ಕುರ್ಚಿಯ ನಾಲ್ಕನೆಯ ಕಾಲು ಹಳೆಯ ಸೈಕಲ್ಲಿನ ಹ್ಯಾಂಡಲ್ಲು. ಬಚ್ಚಲುಮನೆಯ ಚಿಲಕ ಪೆಡಲ್ಲಿನ ತುಂಡು. ಒಳಗೆ ಹೋದವರು ಹೊರಗೆ ಬರಬೇಕಾದರೆ ಯಾರನ್ನಾದರೂ ಕೂಗಬೇಕು. ಹೊಸದು ತರೋಣ ಎಂದರೆ ಗಂಡನದು ಒಂದೇ ಮಾತು.

"ಹೊಸದು ಯಾಕೆ? ಇದಕ್ಕೇನಾಗಿದೆ?"

ಏನಾಗಿದೆ ಎಂದು ಹೇಳಿ ಹೇಳಿಯೇ ಟೈಲರಮ್ಮನಿಗೆ ಇಪ್ಪತ್ತೆರಡು ವರ್ಷ ಕಳೆದಿದ್ದವು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಆತನದು ಸೈಕಲ್ ರಿಪೇರಿ. ಬೀದಿಯ ಹುಡುಗರೆಲ್ಲ ಕರೆಯುವುದು ರಿಪೇರಿ ಮಾವ ಎಂದು. ಒಂದೇ ಕೋಣೆಯ ಅಂಗಡಿ. ಎಡಗಡೆ ಆತನ ಪಾನಾ, ಪಂಪು, ಪಂಕ್ಚರ್ ನೋಡುವ ನೀರಿನ ಬೋಗುಣಿ. ಬಲಗಡೆ ಈಕೆಯ ಹೊಲಿಗೆ ಯಂತ್ರ. ನಡುವೆ ಸೀಮೆಸುಣ್ಣದ ಒಂದು ಗೆರೆ. ಗ್ರೀಸು ಆ ಗೆರೆ ದಾಟಬಾರದು. ಅದಕ್ಕಿಂತ ದೊಡ್ಡ ಕಾನೂನು ಟೈಲರಮ್ಮನ ಬಟ್ಟೆ ಕತ್ತರಿಯದು. ಅದು ಬಟ್ಟೆಯನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದು, ಕಾಗದವನ್ನು ಕೂಡ. ಒಮ್ಮೆ ಗಂಡ ಅದರಲ್ಲಿ ಟ್ಯೂಬು ಕತ್ತರಿಸಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದಳು.

ಆತನ ಕಡೆಯ ಗೋಡೆಯ ಮೇಲೆ, ಮೊಳೆಗೆ, ಒಂದು ಕೆಂಪು ಹೆಲ್ಮೆಟ್ಟು ನೇತಾಡುತ್ತಿತ್ತು.

ಅದರ ಪುರಾಣ ಕೇಳದೆ ಆ ಅಂಗಡಿಯಲ್ಲಿ ಯಾರೂ ಗಾಳಿ ಹಾಕಿಸಿಕೊಂಡು ಹೋದದ್ದಿಲ್ಲ. ಊರ ಹಿಂದಿನ ಬೆಟ್ಟದಲ್ಲಿ ವರ್ಷಕ್ಕೊಮ್ಮೆ ಸೈಕಲ್ ರೇಸ್ ನಡೆಯುತ್ತದೆ. ನಲವತ್ತು ಕಿಲೋಮೀಟರ್. ಎದೆ ಒಡೆಯುವ ಏರು, ಆಮೇಲೆ ಸಡಿಲ ಕಲ್ಲಿನ ಇಳಿಜಾರು, ತಳದಲ್ಲಿ ಒಂದು ಹಳ್ಳ. ಎರಡು ವರ್ಷದ ಕೆಳಗೆ ರಿಪೇರಿ ಮಾವ ಆ ಇಳಿಜಾರಿನಲ್ಲಿ ಬಿದ್ದು ತಲೆಯನ್ನು ಬಂಡೆಗೆ ಬಡಿದುಕೊಂಡಿದ್ದ. ಹೆಲ್ಮೆಟ್ಟು ಬಿರಿಯಿತು, ತಲೆ ಉಳಿಯಿತು. ಮನೆಗೆ ಬಂದವನೇ ಬಿರುಕಿಗೆ ಗಟ್ಟಿ ಅಂಟು ಹಾಕಿ, ಉಜ್ಜಿ, ಮೇಲೆ ಕೆಂಪು ಬಣ್ಣ ಬಳಿದ. ಅಂದಿನಿಂದ ಅದು ಅದೃಷ್ಟದ ಹೆಲ್ಮೆಟ್ಟು.

ಈ ವರ್ಷ ಮಗಳು ರೇಸಿಗೆ ಹೆಸರು ಕೊಟ್ಟು ಬಂದಳು. ಇಪ್ಪತ್ತರ ಹುಡುಗಿ, ಸೈಕಲ್ಲಿನಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸ. ಕಾಲಿನಲ್ಲಿ ಕಸುವಿತ್ತು, ಬಾಯಲ್ಲಿ ಅದಕ್ಕಿಂತ ಹೆಚ್ಚಿತ್ತು. ಅಪ್ಪನಿಗೆ ಕಣ್ಣಲ್ಲಿ ನೀರು. ಮೊಳೆಯಿಂದ ಹೆಲ್ಮೆಟ್ಟು ಇಳಿಸಿ ಅವಳ ತಲೆಗಿಟ್ಟ.

"ನನ್ನ ಪ್ರಾಣ ಉಳಿಸಿದ್ದು ಕಣಮ್ಮ. ಇದಿದ್ರೆ ನಿಂಗೇನೂ ಆಗಲ್ಲ."

"ರೇಸೂ ಬೇಡ, ಬೂಸೂ ಬೇಡ. ಒಬ್ಬರು ಬಿದ್ದಿದ್ದು ಸಾಲದಾ ಈ ಮನೇಲಿ?" ಎಂದಳು ಟೈಲರಮ್ಮ.

"ಅಮ್ಮ, ನೀನು ಹೊಲಿ" ಎಂದಳು ಮಗಳು.

ಟೈಲರಮ್ಮ ಹೊಲಿದಳು. ಬೇರೆ ಏನು ಮಾಡುವುದು?

ಆ ಸಂಜೆಯೇ ಎದುರುಮನೆಯ ಸಿಸ್ಟರ್ ತನ್ನ ಸಮವಸ್ತ್ರದ ಅಂಚು ಮಡಿಸಲು ಕೊಡಲೆಂದು ಬಂದಳು. ಆಸ್ಪತ್ರೆಯಲ್ಲಿ ನರ್ಸು. ಪ್ರತಿ ವರ್ಷ ರೇಸಿನ ದಿನ ಹಳ್ಳದ ಹತ್ತಿರ ಪ್ರಥಮ ಚಿಕಿತ್ಸೆಯ ಡೇರೆ ಅವಳದೇ. ಮಗಳ ತಲೆಯ ಮೇಲಿನ ಕೆಂಪು ಬಣ್ಣ ನೋಡಿ ಕೈ ಚಾಚಿದಳು. ಹೆಲ್ಮೆಟ್ಟನ್ನು ತಿರುಗಿಸಿ, ಒಳಗೆ ಬೆರಳಾಡಿಸಿ, ನಿಟ್ಟುಸಿರು ಬಿಟ್ಟಳು.

"ಅಣ್ಣಾ, ಇದು ಬಿದ್ದಿರೋದಲ್ವಾ?"

"ಬಿದ್ದಿತ್ತು. ರಿಪೇರಿ ಮಾಡಿದೀನಿ. ಎಲ್ಲಿ ಬಿರುಕು ಇತ್ತು ತೋರಿಸು ನೋಡೋಣ!"

"ಹೊರಗಿನ ಬಿರುಕು ಬಿಡಿ ಅಣ್ಣ. ಒಳಗೆ ಈ ಥರ್ಮಾಕೋಲ್ ತರ ಇದೆಯಲ್ಲ, ತಲೆ ಕಾಯೋದು ಇದು. ಬಿದ್ದಾಗ ಇದು ಅಪ್ಪಚ್ಚಿ ಆಗಿ ಪೆಟ್ಟನ್ನ ತಾನು ತಿನ್ನುತ್ತೆ. ಒಂದ್ಸಲ ಅಪ್ಪಚ್ಚಿ ಆದದ್ದು ಮತ್ತೆ ಉಬ್ಬಲ್ಲ. ಇಲ್ಲಿ ಬೆರಳಿಟ್ಟು ನೋಡಿ, ಎಷ್ಟು ತೆಳ್ಳಗಾಗಿದೆ."

"ನನ್ನ ತಲೆ ಉಳಿಸಿದ್ದು ಇದೇ ತಾನೇ?"

"ಉಳಿಸ್ತು. ಅಲ್ಲಿಗೆ ಇದರ ಕೆಲಸ ಮುಗೀತು. ಇನ್ನೊಂದು ಪೆಟ್ಟು ತಡೆಯೋ ಶಕ್ತಿ ಇದಕ್ಕಿಲ್ಲ. ಅದರ ಮೇಲೆ ನೀವು ಅಂಟು, ಬಣ್ಣ ಬೇರೆ ಬಳಿದಿದೀರ. ಕೆಲವು ಅಂಟು ಆ ಪದರಾನೇ ತಿಂದು ಹಾಕುತ್ತೆ."

"ನಾನು ರಿಪೇರಿ ಮಾಡಿದ್ದು ಯಾವತ್ತಾದ್ರೂ ಬಿಟ್ಟುಕೊಂಡಿದೆಯಾ?"

ಬಚ್ಚಲುಮನೆಯ ಚಿಲಕ ಟೈಲರಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ಸಿಸ್ಟರ್ ತೋರಿಸಿದ ಕಡೆ ತಾನೇ ಬೆರಳಿಟ್ಟು ನೋಡಿದಳು. ಸಿಸ್ಟರ್ ಹೇಳಿದ ಮಾತು ಅವಳ ಎದೆಯಲ್ಲಿ ಕೂತಿತು. ಅಷ್ಟು ದಿನ ಅವಳಿಗೆ ರೇಸ್ ಬೇಡವಾಗಿತ್ತು, ಅಷ್ಟೇ. ಈಗ ಆ ತೆಳ್ಳಗಿನ ಜಾಗ ಯಾವುದು ಎಂದು ಬೆರಳಿಗೆ ಗೊತ್ತಾಗಿತ್ತು. ಮಗಳ ಬಲಗಿವಿಯ ಮೇಲೆ, ಚಿಕ್ಕಂದಿನಲ್ಲಿ ತಾನು ಜಡೆ ಹಾಕಲು ಬೈತಲೆ ತೆಗೆಯುತ್ತಿದ್ದಳಲ್ಲ, ಅದರ ಪಕ್ಕದಲ್ಲಿ.

ಮೂರು ದಿನ ಜಗಳವಾಯಿತು. ಹೆಂಡತಿ ಹೊಸದು ತನ್ನಿ ಎನ್ನುವಳು, ಗಂಡ ಇದಕ್ಕೇನಾಗಿದೆ ಎನ್ನುವನು, ಮಗಳು ಅಪ್ಪನ ಪಕ್ಷ. ಸಿಸ್ಟರ್ ಮತ್ತೆರಡು ಸಲ ಬಂದು ಹೇಳಿದಳು. ಉಪಯೋಗವಾಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹಾಲಿನವನು ಸೈಕಲ್ ತಳ್ಳಿಕೊಂಡು ಬಂದ. ಹಿಂದಿನ ಬ್ರೇಕಿನ ವೈರು ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು.

"ಮಾವ, ಇದನ್ನ ಸ್ವಲ್ಪ ಹುರಿ ಮಾಡಿ, ಬೆಸುಗೆ ಹಾಕಿ ಕೊಟ್ಟುಬಿಡು. ಇವತ್ತಿಗೆ ನಡೆಯುತ್ತೆ."

ರಿಪೇರಿ ಮಾವನ ಮುಖ ಕೆಂಪಾಯಿತು. "ತಲೆ ಇದೆಯೇನೋ ನಿಂಗೆ? ಬ್ರೇಕ್ ವೈರಿಗೆ ಬೆಸುಗೆಯಾ? ಒಂದು ಎಳೆ ಹೋದ್ರೂ ಹೊಸದು. ಅದರಲ್ಲಿ ರಿಪೇರಿ ಮಾತೇ ಇಲ್ಲ. ಇಳಿಜಾರಲ್ಲಿ ಕೈ ಕೊಟ್ರೆ ಯಾರಪ್ಪ ಜವಾಬ್ದಾರಿ?" ಹಳೆಯ ವೈರು ಕಿತ್ತು, ಇಕ್ಕಳದಲ್ಲಿ ಕಟ್ ಕಟ್ ಎಂದು ನಾಲ್ಕು ತುಂಡು ಮಾಡಿ ಡಬ್ಬಕ್ಕೆ ಎಸೆದ.

"ತುಂಡು ಯಾಕೆ ಮಾಡಿದ್ರಿ?" ಯಂತ್ರ ನಿಲ್ಲಿಸಿ ಕೇಳಿದಳು ಟೈಲರಮ್ಮ.

"ಇಲ್ಲದಿದ್ರೆ ಯಾವನಾದ್ರೂ ಆರಿಸಿಕೊಂಡು ಹೋಗಿ ಮತ್ತೆ ಹಾಕ್ಕೊಳ್ತಾನೆ. ನಂಗೊತ್ತಿಲ್ವಾ ಜನ?"

"ಅಲ್ರೀ, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದು ನೀವೇ! ಹಾಲಿನವನ ಬ್ರೇಕಿಗೆ ಇರೋ ಬೆಲೆ ಹೆತ್ತ ಮಗಳ ತಲೆಗಿಲ್ವಾ? ಒಂದು ಎಳೆ ಹೋದ ವೈರು ಆಗಲ್ಲ, ಬಂಡೆಗೆ ಬಡಿದ ಹೆಲ್ಮೆಟ್ಟು ಆಗುತ್ತಾ?"

ಹಾಲಿನವನು ಗೋಡೆ ನೋಡಿದ. ರಿಪೇರಿ ಮಾವ ಕೈಯಲ್ಲಿದ್ದ ಇಕ್ಕಳ ನೋಡಿದ. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಂಜೆ ಬಂದಾಗ ಕೈಯಲ್ಲೊಂದು ಹೊಸ ಹೆಲ್ಮೆಟ್ಟಿತ್ತು. ಬೂದು ಬಣ್ಣದ್ದು. ಸಿಸ್ಟರನ್ನು ಕರೆದು ಮಗಳ ತಲೆಗೆ ಸರಿಯಾಗಿದೆಯೇ ನೋಡಿಸಿದ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟೇ ಜಾಗ, ಗಲ್ಲದ ಪಟ್ಟಿಯಲ್ಲಿ ಒಂದೆರಡು ಬೆರಳು ತೂರುವಷ್ಟೇ ಸಡಿಲ, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟು ಬೇರೆಯಾಗಿ ಅಲ್ಲಾಡಬಾರದು. ಆದರೂ ಕೆಂಪು ಹೆಲ್ಮೆಟ್ಟು ಮಾತ್ರ ವಾಪಸು ಮೊಳೆಗೆ ಹೋಯಿತು.

"ಅದನ್ನ ಬಿಸಾಕಿ."

"ನೆನಪಿಗೆ ಇರ್ಲಿ ಬಿಡೇ."

ಟೈಲರಮ್ಮ ಹಣೆ ಚಚ್ಚಿಕೊಂಡಳು.

ರೇಸಿನ ದಿನ ಅವಳು ಹಳ್ಳದ ದಡದಲ್ಲಿ ಸಿಸ್ಟರ್ ಡೇರೆಯ ಪಕ್ಕ ಕೂತಿದ್ದಳು. ಮನೆಯಲ್ಲಿ ಕೂರಲು ಆಗದೆ ಬಂದಿದ್ದಳು, ಇಲ್ಲೂ ಕೂರಲು ಆಗುತ್ತಿರಲಿಲ್ಲ. ಜಾಗ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬೆಟ್ಟದ ನೆತ್ತಿಯಿಂದ ಮಂಜು ನಿಧಾನಕ್ಕೆ ಏಳುತ್ತಿತ್ತು. ಇಳಿಜಾರಿನ ತುಂಬ ಹಳದಿ ಹುಲ್ಲು, ಅದರ ನಡುವೆ ಕಾಲುದಾರಿ, ಕೆಳಗೆ ಬೆಣಚುಕಲ್ಲಿನ ಮೇಲೆ ಹರಿಯುವ ತಣ್ಣನೆಯ ನೀರು. ಇಷ್ಟು ಚೆಂದದ ಬೆಟ್ಟವನ್ನು ಕೂತು ನೋಡುವುದು ಬಿಟ್ಟು ಸೈಕಲ್ಲಿನಲ್ಲಿ ಉರುಳಿ ಬರುವ ಹುಚ್ಚು ಯಾಕೆ ಎಂದು ಅವಳಿಗೆ ಅರ್ಥವಾಗಲಿಲ್ಲ.

"ಹೆಂಗಸರಲ್ಲಿ ಮೂರನೆಯವಳು ನಿಮ್ಮ ಮಗಳು!" ಮೇಲಿನ ತಿರುವಿನಲ್ಲಿ ನಿಂತಿದ್ದವರು ಕೂಗಿದರು.

ಟೈಲರಮ್ಮ ಎದ್ದು ನಿಂತಳು. ಬೂದು ಹೆಲ್ಮೆಟ್ಟು ಕಂಡಿತು. ಧೂಳೆಬ್ಬಿಸಿಕೊಂಡು, ಹಲ್ಲು ಕಚ್ಚಿಕೊಂಡು, ಮಗಳು ಇಳಿಯುತ್ತಿದ್ದಳು. ಬೇಡ ಬೇಡವೆಂದರೂ ತಾಯಿಗೆ ಹೆಮ್ಮೆಯಾಯಿತು. ಅಷ್ಟರಲ್ಲಿ ಮುಂದಿನ ಚಕ್ರ ಸಡಿಲ ಕಲ್ಲಿನ ಮೇಲೆ ಜಾರಿತು. ಸೈಕಲ್ ಒಂದು ಕಡೆ, ಹುಡುಗಿ ಒಂದು ಕಡೆ. ತಲೆಯ ಬಲಭಾಗ ಬಂಡೆಗೆ ಬಡಿದ ಸದ್ದು ಹಳ್ಳದ ಸದ್ದನ್ನು ಮೀರಿ ಕೇಳಿತು.

ಟೈಲರಮ್ಮ ಹೇಗೆ ನೀರು ದಾಟಿದಳೋ ಅವಳಿಗೇ ಗೊತ್ತಿಲ್ಲ. ಅವಳು ತಲುಪುವಷ್ಟರಲ್ಲಿ ಮಗಳು ಎದ್ದು ಕೂತು ಸೈಕಲ್ ಎಲ್ಲಿ ಎಂದು ಕೇಳುತ್ತಿದ್ದಳು. ಸಿಸ್ಟರ್ ಅವಳನ್ನು ಅಲ್ಲೇ ಕೂರಿಸಿ ಕತ್ತು, ಕಣ್ಣು ನೋಡಿದಳು. ಹೆಸರು, ದಿನ ಕೇಳಿದಳು. ಮೊಣಕೈ ತರಚಿತ್ತು. ತಲೆಯಲ್ಲಿ ಗಾಯ ಇರಲಿಲ್ಲ. ಬೂದು ಹೆಲ್ಮೆಟ್ಟು ಬಲಗಿವಿಯ ಮೇಲೆ ಅಂಗೈ ಉದ್ದ ಬಿರಿದಿತ್ತು. ಅದೇ ಜಾಗ.

ಟೈಲರಮ್ಮ ಬಂಡೆಯ ಮೇಲೆ ಕೂತು ಅತ್ತಳು.

"ನಂಗೇನಾಗಿಲ್ಲಮ್ಮ! ಬಿಡಿ ಸಿಸ್ಟರ್, ಇನ್ನು ಒಂಬತ್ತೇ ಕಿಲೋಮೀಟರ್!"

"ಆಗಲ್ಲ. ತಲೆಗೆ ಪೆಟ್ಟು ಬಿದ್ದವರು ಅವತ್ತು ಮತ್ತೆ ಸೈಕಲ್ ಹತ್ತೋ ಹಾಗಿಲ್ಲ. ಹೊರಗೆ ಕಾಣದ ಪೆಟ್ಟು ಒಳಗೆ ಇರಬಹುದು. ಡಾಕ್ಟರ್ ನೋಡ್ಲಿ."

"ನನ್ನ ತಲೆ ಗಟ್ಟಿ ಇದೆ!"

"ತಲೆ ಗಟ್ಟಿ ಇದೆ ಅಂತ ಕಲ್ಲಿಗೆ ಹಾಯಬಾರದು" ಎಂದಳು ತಾಯಿ, ಕಣ್ಣೊರೆಸಿಕೊಂಡು. "ಒಂದು ಸಲ ಹಾಯ್ದಾಯ್ತಲ್ಲ. ಕೂತ್ಕೋ ಸುಮ್ನೆ."

ನಾಲ್ಕನೆಯವಳು ಅವರನ್ನು ದಾಟಿ ಹೋದಳು. ಆಮೇಲೆ ಐದನೆಯವಳು. ಮಗಳು ಇಬ್ಬರ ಮೇಲೂ, ಅಮ್ಮನ ಮೇಲೂ, ಬೆಟ್ಟದ ಮೇಲೂ ಸಿಟ್ಟು ಮಾಡಿಕೊಂಡು ಕೂತಳು.

ಡಾಕ್ಟರು ಪರೀಕ್ಷೆ ಮಾಡಿ, ತಲೆನೋವು ಹೆಚ್ಚಾದರೆ, ವಾಂತಿ ಬಂದರೆ, ಮಂಪರು ಕವಿದರೆ ತಕ್ಷಣ ಬನ್ನಿ, ಇವತ್ತು ಒಂಟಿಯಾಗಿ ಬಿಡಬೇಡಿ ಎಂದು ಹೇಳಿ ಕಳಿಸಿದರು. ಸಂಜೆ ಎಲ್ಲರೂ ಅಂಗಡಿಗೆ ಬಂದರು. ರೇಸ್ ಮುಗಿಯುವಲ್ಲಿ ಮಗಳಿಗೆ ಕಾದಿದ್ದ ರಿಪೇರಿ ಮಾವ ಸುದ್ದಿ ಕೇಳಿ ಡಾಕ್ಟರ ಬಳಿಗೇ ಓಡಿ ಬಂದಿದ್ದ. ಮಗಳು ಬೂದು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು, ಬಿರುಕಿನ ಮೇಲೆ ಬೆರಳಾಡಿಸುತ್ತ, ಸಣ್ಣ ದನಿಯಲ್ಲಿ ಹೇಳಿದಳು:

"ಅಪ್ಪಾ, ಇದು ನನ್ನ ಪ್ರಾಣ ಉಳಿಸ್ತು ಅಲ್ವಾ? ಸ್ವಲ್ಪ ಅಂಟು ಹಾಕಿಕೊಡು. ಮುಂದಿನ ವರ್ಷಕ್ಕೂ ಇದನ್ನೇ ಹಾಕ್ಕೊಳ್ತೀನಿ. ಲಕ್ಕಿ ಇದು."

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದವರು ಈ ಮನೆಗೆ ಬಂದಿರಲಿಲ್ಲ. ಗಂಡನ ಕೈ ಅಭ್ಯಾಸಬಲದಿಂದ ಅಂಟಿನ ಡಬ್ಬಿಯ ಕಡೆಗೆ ಹೋದದ್ದನ್ನೂ ಟೈಲರಮ್ಮ ನೋಡಿದಳು. ಇಪ್ಪತ್ತೆರಡು ವರ್ಷದ ಸಿಟ್ಟು ಒಟ್ಟಿಗೇ ನೆತ್ತಿಗೇರಿತು. ಸೀಮೆಸುಣ್ಣದ ಗೆರೆ ದಾಟಿ ಬಂದಳು. ಮಗಳ ಮಡಿಲಿನಿಂದ ಹೆಲ್ಮೆಟ್ಟು ಕಸಿದುಕೊಂಡಳು. ಕೈಯಲ್ಲಿ ಕತ್ತರಿ ಇತ್ತು.

"ಅಮ್ಮಾ! ಅದು ಬಟ್ಟೆ ಕತ್ತರಿ!"

"ಗೊತ್ತು."

ಎಡಗಡೆಯ ಪಟ್ಟಿ ಕಚಕ್ಕೆಂದಿತು. ಬಲಗಡೆಯ ಪಟ್ಟಿ ದಪ್ಪವಿತ್ತು, ಎರಡು ಸಲ ಒತ್ತಬೇಕಾಯಿತು. ಆಗ ರಿಪೇರಿ ಮಾವ ಅಂಟಿನ ಡಬ್ಬಿ ಅಲ್ಲೇ ಬಿಟ್ಟು ಎದ್ದ. ಗೋಡೆಯ ಹತ್ತಿರ ಹೋಗಿ, ಮೊಳೆಯಿಂದ ಕೆಂಪು ಹೆಲ್ಮೆಟ್ಟನ್ನು ಇಳಿಸಿ, ಅದರ ಒಳಗಿನ ತೆಳ್ಳಗಿನ ಜಾಗಕ್ಕೆ ಬೆರಳಿಟ್ಟು ಒತ್ತಿದ. ಅಷ್ಟೆಲ್ಲ ಜಗಳವಾಗಿದ್ದರೂ ಆತ ಅಲ್ಲಿಗೆ ಬೆರಳಿಟ್ಟು ನೋಡಿದ್ದು ಅದೇ ಮೊದಲು.

"ಇದನ್ನೇ ಹಾಕಿ ಕಳಿಸ್ತಿದ್ದೆನಲ್ಲೇ ನಾನು" ಎಂದ. ಹೆಲ್ಮೆಟ್ಟನ್ನು ಹೆಂಡತಿಯ ಕೈಗೆ ಕೊಟ್ಟ. "ಇದನ್ನೂ ಕತ್ತರಿಸು."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ಮನೆಯ ಗೋಡೆ ನೋಡಿ. ರೇಸಿಗೆ ಹೋಗುವವರಷ್ಟೇ ಅಲ್ಲ, ಅಂಗಡಿಗೆ ಹಾಲು ತರಲು ಹೋಗುವವರೂ ನೋಡಿ. ಅಲ್ಲಿರುವ ಹೆಲ್ಮೆಟ್ಟು ಒಂದು ಸಲ ತಲೆಯ ಜೊತೆ ನೆಲಕ್ಕೆ ಬಡಿದದ್ದಾದರೆ, ಹೊರಗೆ ಬಿರುಕು ಕಾಣದಿದ್ದರೂ ಅದರ ಕೆಲಸ ಮುಗಿದಿದೆ. ಅಂಟು ಹಾಕಬೇಡಿ. ತಮ್ಮನಿಗೆ ಕೊಡಬೇಡಿ. ಅದೃಷ್ಟ ಎನ್ನಬೇಡಿ. ಹೊಸದು ತನ್ನಿ, ಅಳತೆ ನೋಡಿ ಹಾಕಿ, ಪಟ್ಟಿ ಬಿಗಿಯಿರಿ. ಹಳೆಯದನ್ನು ಯಾರೂ ಆರಿಸಿಕೊಂಡು ಹೋಗದ ಹಾಗೆ ಪಟ್ಟಿ ಕತ್ತರಿಸಿ ಬಿಸಾಡಿ. ನಾಳೆ ಅಲ್ಲ, ಇವತ್ತೇ. ಕತ್ತರಿ ಯಾವುದಾದರೂ ನಡೆಯುತ್ತದೆ. ಬಟ್ಟೆ ಕತ್ತರಿಯಾದರೂ ಸರಿ, ಟೈಲರಮ್ಮ ಬೈಯುವುದಿಲ್ಲ.