ಸ್ಟಾಪ್ ಬೋರ್ಡಿನ ಕೆಳಗೆ ನಿಂತವರು

ರಸ್ತೆ ಇಲಾಖೆಯ ಪೇಂಟರಣ್ಣನಿಗೆ ತನ್ನ ಅಕ್ಷರಗಳ ಬಗ್ಗೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ಇಪ್ಪತ್ತಾರು ವರ್ಷದಿಂದ ಆ ಭಾಗದ ಮೈಲಿಗಲ್ಲು, ಸೇತುವೆಯ ಹೆಸರು, ತಿರುವಿನ ಬಾಣ ಎಲ್ಲವೂ ಅವನ ಕೈಯಿಂದಲೇ ಆಗಿದ್ದವು. ಬೋರ್ಡು ನೆಟ್ಟ ಮೇಲೆ ನೂರು ಹೆಜ್ಜೆ ಹಿಂದಕ್ಕೆ ನಡೆದುಹೋಗಿ, ತಿರುಗಿ ನಿಂತು, ಒಂದು ಕಣ್ಣು ಮುಚ್ಚಿ ಓದುವುದು ಅವನ ಪದ್ಧತಿ. ಅಲ್ಲಿಂದ ಸಲೀಸಾಗಿ ಓದಲು ಬಂದರೆ ಬೋರ್ಡು ಪಾಸು. ಸೈಕಲ್ ಬಿಟ್ಟರೆ ಬೇರೆ ಗಾಡಿ ಓಡಿಸಲು ಅವನಿಗೆ ಬರುತ್ತಿರಲಿಲ್ಲ. ಹಾಗಾಗಿ ಬೋರ್ಡು ಓದುವವರೆಲ್ಲ ನಡೆದೇ ಬರುತ್ತಾರೇನೋ ಎಂಬಂತಿತ್ತು ಅವನ ಪರೀಕ್ಷೆ.

ಮೂರು ವರ್ಷದ ಹಿಂದೆ, ಹೊಲಗಳ ನಡುವೆ ನಾಲ್ಕು ರಸ್ತೆ ಕೂಡುವಲ್ಲಿ ಎರಡು ಸ್ಟಾಪ್ ಬೋರ್ಡು ನೆಟ್ಟವನೂ ಅವನೇ. ಸಣ್ಣ ರಸ್ತೆಯಲ್ಲಿ ಬರುವ ಗಾಡಿಗಳು ನಿಂತು, ಎರಡೂ ಕಡೆ ನೋಡಿ ದೊಡ್ಡ ರಸ್ತೆಯನ್ನು ದಾಟಲಿ ಎಂಬ ಏರ್ಪಾಡು ಅದು. ಎಂಟು ಮೂಲೆಯ ಕೆಂಪು ತಗಡು, ಅದರ ಮೇಲೆ ಬಿಳಿ ಅಕ್ಷರ. ವಾರ ಕಳೆದು ಆ ಕಡೆ ಹೋದಾಗ ಊರಿನ ಬದಿಯ ಬೋರ್ಡಿನ ಕೆಳಗೆ ಆರೇಳು ಜನ ನಿಂತಿದ್ದರು. ತನ್ನ ಅಕ್ಷರದ ನೆರಳಲ್ಲಿ ನಿಲ್ಲುವುದೆಂದರೆ ಜನಕ್ಕೂ ಏನೋ ಖುಷಿ ಎಂದುಕೊಂಡು ಪೇಂಟರಣ್ಣ ಉಬ್ಬಿಹೋದ. ಮನೆಗೆ ಬಂದು ತಂಗಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದ.

ಈ ವರ್ಷ ಅದೇ ಜಾಗದಲ್ಲಿ ಆ ತಂಗಿಯ ಹಾಲಿನ ವ್ಯಾನಿಗೆ ಜಲ್ಲಿ ಲಾರಿ ಬಂದು ಬಡಿಯಿತು.

ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ. ಭುಜದ ಮೂಳೆ ಮುರಿದು ಎರಡು ತಿಂಗಳು ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಕೂತಳು. ಮೂಳೆ ಕೂಡಿತು, ವ್ಯಾನಿನ ಮೂತಿಯೂ ರಿಪೇರಿಯಾಯಿತು. ಧೈರ್ಯ ಮಾತ್ರ ಕೂಡಲಿಲ್ಲ. ಬೇರೆಲ್ಲ ಕಡೆ ಲೀಲಾಜಾಲವಾಗಿ ಗಾಡಿ ಓಡಿಸುತ್ತಿದ್ದವಳು ಆ ಕೂಡುರಸ್ತೆ ದೂರದಲ್ಲಿ ಕಂಡರೆ ಸಾಕು, ವ್ಯಾನನ್ನು ತಿರುಗಿಸಿಕೊಂಡು ಬಂದುಬಿಡುತ್ತಿದ್ದಳು. ಡೇರಿಯವರು ಕೆಟ್ಟವರಲ್ಲ. ಒಂದನೇ ತಾರೀಖಿನವರೆಗೆ ಕಾಯುತ್ತೇವೆ, ಆಮೇಲೆ ರೂಟನ್ನು ಬೇರೆಯವರಿಗೆ ಕೊಡದೆ ವಿಧಿಯಿಲ್ಲ ಎಂದಿದ್ದರು. ಹದಿನಾಲ್ಕು ವರ್ಷ ಅವಳು ಓಡಿಸಿದ ರೂಟು ಅದು. ಗಂಡ ತೀರಿಕೊಂಡು ಮೂಲೆ ಹಿಡಿದಿದ್ದವಳನ್ನು ಎಬ್ಬಿಸಿ ಕೂರಿಸಿದ್ದೇ ಆ ಸ್ಟೀರಿಂಗು. ಅದು ಕೈತಪ್ಪಿದರೆ ಅವಳು ಮತ್ತೆ ಮೂಲೆ ಹಿಡಿಯುತ್ತಾಳೆ ಎಂದು ಪೇಂಟರಣ್ಣನಿಗೆ ಒಳಗೊಳಗೇ ಹೆದರಿಕೆ.

ಹೆದರಿಕೆಯಾದರೆ ಸಿಟ್ಟಾಗುವ ಜಾತಿ ಅವನದು. ಲಾರಿಯವನಿಗೆ ಬೈದ, ಕೂಡುರಸ್ತೆಯ ಬದಿಯ ಬೇಲಿಗೆ ಬೈದ, ಬೆಳಗಿನ ಬಿಸಿಲಿಗೂ ಬೈದ. ಒಂದು ದಿನ ಊಟಕ್ಕೆ ಕೂತಿದ್ದಾಗ ತಂಗಿಯನ್ನೇ ಕೇಳಿಬಿಟ್ಟ: "ಅಷ್ಟು ದೊಡ್ಡ ಬೋರ್ಡು ನಿನಗೆ ಕಾಣಿಸಲಿಲ್ವಾ?"

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಿನ್ನ ಬೋರ್ಡು ಕಾಣಿಸ್ತು ಅಣ್ಣ. ನಿಂತೆ ಕೂಡ. ನಿಂತ ಮೇಲೂ ರಸ್ತೆ ಕಾಣಿಸಲಿಲ್ಲ. ಒಂದು ಸಲ ನನ್ನ ಸೀಟಲ್ಲಿ ಕೂತು ನೋಡು, ಆಮೇಲೆ ಮಾತಾಡು."

ಮಾತು ನಾಟಿತು. ಮರುದಿನ ಬೆಳಿಗ್ಗೆ ಗ್ಯಾರೇಜಿನ ಮೆಕ್ಯಾನಿಕ್ಕನ್ನು ಕಾಡಿ ಬೇಡಿ, ವ್ಯಾನನ್ನು ಸ್ಟಾಪ್ ಬೋರ್ಡಿನ ಹತ್ತಿರದ ಬಿಳಿ ಗೆರೆಯವರೆಗೆ ತರಿಸಿ ನಿಲ್ಲಿಸಿದ. ಮೆಕ್ಯಾನಿಕ್ಕು ಇಳಿದ, ಪೇಂಟರಣ್ಣ ಡ್ರೈವರ್ ಸೀಟಿಗೆ ಹತ್ತಿದ. ಮೊದಲು ಕಂಡದ್ದು ಅವನ ಬೋರ್ಡೇ, ಸೊಗಸಾಗಿತ್ತು. ಅದರ ಕೆಳಗೆ ಬಸ್ಸಿಗೆ ಕಾಯುತ್ತಿದ್ದ ಜನ: ಎರಡು ಛತ್ರಿ, ಒಂದು ಟ್ರಂಕು, ಕಂಬಕ್ಕೆ ಒರಗಿಸಿದ ಚೀಲಗಳು, ಎಲ್ಲರಿಗಿಂತ ಮುಂದೆ ಮೊಟ್ಟೆ ಮಾರುವ ಅಜ್ಜಿ. ಅವರ ಹಿಂದೆ ದೊಡ್ಡ ರಸ್ತೆ ಇರಬೇಕು, ಕಾಣಲಿಲ್ಲ. ಒಂದು ಟ್ರ್ಯಾಕ್ಟರು ಛತ್ರಿಯ ಮರೆಯಿಂದ ದಿಢೀರನೆ ಹೊರಬಿದ್ದು ಮೂಗಿನ ಮುಂದೆಯೇ ಹಾದುಹೋಯಿತು. ಪೇಂಟರಣ್ಣ ಸೀಟಿಗೆ ಬೆನ್ನೊತ್ತಿ ಹಿಂದಕ್ಕೆ ಸರಿದ.

ಕೆಳಗಿಳಿದು ನೇರ ಜನರ ಮೇಲೆ ಹರಿಹಾಯ್ದ.

"ಏನಜ್ಜಿ, ನಿಲ್ಲೋಕೆ ಇದೇ ಜಾಗ ಬೇಕಿತ್ತಾ ನಿಮಗೆಲ್ಲ? ಮೊದಲು ಆ ಕಡೆ ಮರದ ಕೆಳಗೆ ನಿಲ್ತಿದ್ರಲ್ವಾ?"

"ನಿಲ್ತಿದ್ವಿ ಕಣಪ್ಪ. ಆಮೇಲೆ ನೀನೇ ಅಲ್ವಾ ಇಲ್ಲಿ ಸ್ಟಾಪು ಮಾಡಿಕೊಟ್ಟಿದ್ದು?"

"ನಾನಾ?"

ಅಜ್ಜಿ ಬೆರಳೆತ್ತಿ ಬೋರ್ಡು ತೋರಿಸಿದಳು. "ಸ್ಟಾ… ಪ್. ಅರವತ್ತು ದಾಟಿದ ಮೇಲೆ ಅಕ್ಷರ ಕಲಿತೋಳು ನಾನು. ಯಾರ ಸಹಾಯಾನೂ ಇಲ್ಲದೆ ಮೊದಲು ಓದಿದ್ದು ಇದನ್ನೇ. ಎಲ್ಲರಿಗೂ ನಾನೇ ಹೇಳ್ದೆ, ಬಸ್‌ ಸ್ಟಾಪು ಬಂತು, ಇಲ್ಲಿಗೆ ಬನ್ರಪ್ಪ ಅಂತ. ಬಸ್ಸಿನವನೂ ಇಲ್ಲೇ ನಿಲ್ಲಿಸ್ತಾನೆ."

ಅಲ್ಲಿದ್ದವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಮೆಕ್ಯಾನಿಕ್ಕು ಕಿಸಕ್ಕನೆ ನಕ್ಕು, ಪೇಂಟರಣ್ಣನ ಮುಖ ನೋಡಿ ವ್ಯಾನಿನ ಕಡೆ ತಿರುಗಿಕೊಂಡ. ಆ ಮುಖ ಪೆಚ್ಚಾಗಿತ್ತು. ತನ್ನ ಅಕ್ಷರದ ಚೆಂದಕ್ಕೆ ಜನ ಸೇರುತ್ತಾರೆಂದು ಮೂರು ವರ್ಷ ಬೀಗಿದ್ದನಲ್ಲ, ಅವರು ಸೇರಿದ್ದು ಬಸ್ಸಿಗೆ. ಅಷ್ಟೇ ಆಗಿದ್ದರೆ ನಕ್ಕುಬಿಡಬಹುದಿತ್ತು. ಆ ಗುಂಪಿನ ಮರೆಯಿಂದಲೇ ಲಾರಿ ಬಂದಿತ್ತು.

ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಅವನು ಕರೆಯದೆಯೇ ಎಂಜಿನಿಯರ್ ಮೇಡಂ ಕೋಣೆಗೆ ಹೋದ. ಮೇಡಂ ಹೊಸಬರು, ಚಿಕ್ಕ ವಯಸ್ಸಿನವರು. ಮೇಜಿನ ಮೇಲೆ ನಕಾಶೆ ಹರಡಿಕೊಂಡು ಕೂತಿದ್ದರು.

"ತಪ್ಪು ನನ್ನದು ಮೇಡಂ. ಆ ಪದ ಅಳಿಸಿ ಬೇರೆ ಏನಾದ್ರೂ ಬರೆದುಬಿಡ್ತೀನಿ," ಎಂದು ನಡೆದದ್ದನ್ನೆಲ್ಲ ಹೇಳಿದ.

"ಆ ಪದ ಅಳಿಸೋ ಹಾಗಿಲ್ಲ. ಬಣ್ಣ, ಆಕಾರ, ಅಕ್ಷರ ಎಲ್ಲ ನಿಯಮದ ಪ್ರಕಾರ ಇರಬೇಕು," ಎಂದರು ಮೇಡಂ. "ತಪ್ಪು ನಿಮ್ಮೊಬ್ಬರದೇ ಅಂತಾನೂ ಯಾಕೆ ಅಂದ್ಕೋತೀರಿ? ಬಸ್ಸಿಗೆ ಕಾಯೋರು ಎಲ್ಲಿ ನಿಲ್ಲಬೇಕು ಅಂತ ನಾವ್ಯಾರೂ ಯೋಚಿಸಲೇ ಇಲ್ಲ. ನಡೀರಿ, ನಾನೂ ಆ ಸೀಟಲ್ಲಿ ಕೂತು ನೋಡ್ತೀನಿ."

ಕೂತು ನೋಡಿದರು. ಒಂದು ಸಲವಲ್ಲ, ಮೂರು ಬೆಳಿಗ್ಗೆ. ಆಮೇಲೆ ಕೆಲಸ ಚುರುಕಾಯಿತು. ಬೇಲಿಯನ್ನು ಮೊಣಕಾಲೆತ್ತರಕ್ಕೆ ಸವರಿದರು. ಬಿಳಿ ಗೆರೆಯನ್ನು ನಾಲ್ಕು ಅಡಿ ಮುಂದಕ್ಕೆ ತಂದರು. ದೊಡ್ಡ ರಸ್ತೆಯ ಎರಡೂ ಬದಿಗೆ ಸ್ಟಾಪ್ ಬೋರ್ಡು ಬಂತು. ಇನ್ನು ಯಾವ ಕಡೆಯಿಂದ ಬಂದರೂ ನಿಂತೇ ಹೋಗಬೇಕು. ಬಸ್ಸಿನವನನ್ನೂ ಒಪ್ಪಿಸಿ, ಕೂಡುರಸ್ತೆ ದಾಟಿ ಎಂಬತ್ತು ಹೆಜ್ಜೆ ಆಚೆಗೆ, ಹಳೆಯ ಮರದ ಕೆಳಗೆ, ಕಲ್ಲು ಬೆಂಚು ಹಾಕಿಸಿದರು. ಈ ಸಲ ಪೇಂಟರಣ್ಣ ನೂರು ಹೆಜ್ಜೆ ಹಿಂದಕ್ಕೆ ನಡೆಯಲಿಲ್ಲ. ಮೆಕ್ಯಾನಿಕ್ಕನ ಪಕ್ಕ ವ್ಯಾನಿನಲ್ಲಿ ಕೂತು ನಾಲ್ಕೂ ಕಡೆಯಿಂದ ಬಂದು ನೋಡಿದ.

ಎಲ್ಲ ಆಯಿತು, ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಹಳೆಯ ಜಾಗ ಬಿಡಲಿಲ್ಲ. ಅವಳು ಕದಲದೆ ಉಳಿದವರೂ ಕದಲುವಂತಿರಲಿಲ್ಲ.

"ಅಲ್ಲಿ ಬೆಂಚಿದೆ ಅಜ್ಜಿ, ನೆರಳಿದೆ."

"ಇರ್ಲಿ. ಅಲ್ಲಿ ಏನು ಬರೆದಿದೆ? ಓದೋಕೆ ಬರೋಳಿಗೆ ಸುಮ್ಮನೆ ಬಾಯಲ್ಲಿ ಹೇಳಿದ್ರೆ ಆಗುತ್ತಾ?"

ಪೇಂಟರಣ್ಣ ಅಂದೇ ನೀಲಿ ತಗಡು ತಂದು, ಅವಳನ್ನು ಎದುರಿಗೇ ಕೂರಿಸಿಕೊಂಡು ಬರೆದ. ಅಜ್ಜಿ ಒಂದೊಂದೇ ಅಕ್ಷರ ಮೂಡಿದ ಹಾಗೆ ಓದುತ್ತ ಹೋದಳು. "ಬ… ಸ್. ಬಸ್. ಸ್ಟಾಪ್." ಒಂದಿದ್ದ ಪದ ಎರಡಾಗಿತ್ತು. ಮೊಟ್ಟೆ ಬುಟ್ಟಿಯನ್ನೆತ್ತಿ ಬೆಂಚಿನ ನಟ್ಟನಡುವೆ ಇಟ್ಟು, "ಬನ್ರಪ್ಪ, ಸ್ಟಾಪು ಇಲ್ಲಿಗೆ ಬಂತು," ಎಂದು ಕೂಗು ಹಾಕಿದಳು. ಐದು ನಿಮಿಷದಲ್ಲಿ ಹಳೆಯ ಜಾಗ ಖಾಲಿ.

ಒಂದನೇ ತಾರೀಖು ಬೆಳಿಗ್ಗೆ ತಂಗಿ ವ್ಯಾನಿನ ಕೀಲಿ ತೆಗೆದುಕೊಂಡಳು. "ನೀನು ಬೋರ್ಡಿನ ಹತ್ರ ಬಂದು ನಿಂತ್ಕೋಬೇಡ ಮತ್ತೆ," ಎಂದಳು. ಅವನು ಸೈಕಲ್ ತುಳಿದು ಮೊದಲೇ ಹೋಗಿ ಬೆಂಚಿನ ಮೇಲೆ ಅಜ್ಜಿಯ ಪಕ್ಕ ಕೂತ. ಕೂತನೇ ಹೊರತು ಜೀವ ಕೈಯಲ್ಲಿತ್ತು.

ವ್ಯಾನು ಬಂತು. ಗೆರೆಯ ಹತ್ತಿರ ನಿಂತಿತು. ನಿಂತದ್ದು ನಿಂತೇ ಇತ್ತು. ದೊಡ್ಡ ರಸ್ತೆಯಲ್ಲಿ ಒಂದು ಲಾರಿ ಬರುತ್ತಿರುವುದು ಪೇಂಟರಣ್ಣನಿಗೆ ಕಂಡಿತು. ಅವನ ಕೈ ತಾನಾಗಿ ಬೆಂಚಿನ ಅಂಚನ್ನು ಹಿಡಿದುಕೊಂಡಿತು. ಇನ್ನೇನು ತಂಗಿ ವ್ಯಾನನ್ನು ತಿರುಗಿಸಿಕೊಂಡು ಹೋಗಿಬಿಡುತ್ತಾಳೆ ಎಂದುಕೊಂಡ. ಲಾರಿ ನಿಧಾನವಾಯಿತು, ದೊಡ್ಡ ರಸ್ತೆಯ ಹೊಸ ಬೋರ್ಡಿನ ಹತ್ತಿರ ಬಂದು ಪೂರ್ತಿ ನಿಂತಿತು. ಲಾರಿಯವನು ಕಿಟಕಿಯಿಂದ ಕೈ ಹೊರಹಾಕಿ, ನೀವು ಮೊದಲು ಹೋಗಿ ಎಂದು ಸನ್ನೆ ಮಾಡಿದ. ಆದರೂ ವ್ಯಾನು ಅಲುಗಲಿಲ್ಲ.

"ನಿಂತಿದ್ದು ಸಾಕು, ಹೊರಡೇ!" ಎಂದು ಅಜ್ಜಿ ಕೂಗಿದಳು. ಅಷ್ಟು ದೂರಕ್ಕೆ ಕೇಳಿಸಿತೋ ಇಲ್ಲವೋ.

ತಂಗಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಮತ್ತೊಮ್ಮೆ ಆ ಕಡೆ ನೋಡಿದಳು. ಗೇರು ಬಿದ್ದ ಸದ್ದು ಬೆಂಚಿನವರೆಗೂ ಬಂತು. ವ್ಯಾನು ಹಾಲಿನ ಕ್ಯಾನುಗಳನ್ನು ಗಲಗಲ ಎನ್ನಿಸುತ್ತ ಕೂಡುರಸ್ತೆ ದಾಟಿ, ಬೆಂಚಿನ ಮುಂದೆ ಹಾದುಹೋಯಿತು. ತಂಗಿ ಅಳುತ್ತಿದ್ದಳೋ ನಗುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ. ಕಿಟಕಿಯಿಂದ ಅವನಿಗೆ ಒಂದು ಮಾತು ಕೂಗಿ ಹೋದಳು. ಪೇಂಟರಣ್ಣನ ಕಣ್ಣು ಮಂಜಾಯಿತು, ಎದುರಿನ ನೀಲಿ ಬೋರ್ಡೂ ಓದಲು ಬರದಷ್ಟು.

"ಏನಂದ್ಲು?" ಎಂದು ಅಜ್ಜಿ ಕೇಳಿದಳು.

"ರಸ್ತೆ ಕಾಣಿಸ್ತಂತೆ," ಎಂದ ಅವನು.