ಮೂವತ್ತು ಸೆಕೆಂಡಿನ ಬಾಗಿಲು

ಲಿಂಗಂಪಲ್ಲಿಯ ಕಲ್ಯಾಣಪ್ಪನವರು ಸರಕಾರಿ ಕಚೇರಿಯಿಂದ ನಿವೃತ್ತರಾಗಿದ್ದರು. ಅವರ ಗತ್ತು ಮಾತ್ರ ಇನ್ನೂ ಸೇವೆಯಲ್ಲಿತ್ತು. ಹೋದ ದಸರೆಗೆ ಬಂದಿದ್ದ ಬೀಗಿತ್ತಿ ದಾನೇಶ್ವರಿ ಅವರ ಗ್ಯಾರೇಜಿನ ಬಾಗಿಲು ನೋಡಿ, "ಇದನ್ನ ಎತ್ತಾಕ ನಾಕ ಮಂದಿ ಬೇಕಲ್ರಿ ಬೀಗರ!" ಎಂದು ಎಲ್ಲರೆದುರು ನಕ್ಕಿದ್ದರು. ಆ ನಗು ಮುಳ್ಳಾಗಿ ಉಳಿಯಿತು. ಹೊಸ ಬಾಗಿಲು ಬಂತು, ಮೋಟಾರು ಬಂತು, ಕೊನೆಗೆ ಒಳಗಿನ ಕನ್ನಡಿಯಲ್ಲೇ ಗ್ಯಾರೇಜಿನ ಬಾಗಿಲು ತೆಗೆಯುವ ಗುಂಡಿಯಿರುವ ಕಾರೂ ಬಂತು. ಇವತ್ತು ಮಧ್ಯಾಹ್ನದ ರೈಲಿಗೆ ಬೀಗಿತ್ತಿ ಬರುವವರು. ಕಾರಿನಲ್ಲಿ ಕರೆತಂದು ಒಂದೇ ಬೆರಳಿನಿಂದ ಬಾಗಿಲು ತೆಗೆಯುತ್ತೇನೆ ಎಂದು ಫೋನಿನಲ್ಲಿ ಕೊಚ್ಚಿಕೊಂಡೂ ಆಗಿತ್ತು.

ಆ ಗುಂಡಿಗೆ ಬಾಗಿಲಿನ ಗುರುತು ಹಿಡಿಸುವುದು ಹೇಗೆಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿತ್ತು. ಏಣಿ ಹತ್ತಿ ಮೋಟಾರಿನ ಗುಂಡಿ ಒತ್ತಬೇಕು. ಮೂವತ್ತು ಸೆಕೆಂಡಿನೊಳಗೆ ಕಾರಿಗೆ ಬಂದು ಕನ್ನಡಿಯ ಗುಂಡಿ ಒತ್ತಬೇಕು. ಮೂವತ್ತು ಸೆಕೆಂಡು! ಅವರ ಕಚೇರಿಯಲ್ಲಿ ಅಷ್ಟರಲ್ಲಿ ಕಡತದ ದಾರವೂ ಬಿಚ್ಚುತ್ತಿರಲಿಲ್ಲ.

"ಏನ್ ಮಾಡಾಕತ್ತೀರಿ?" ಎಂದಳು ಹೆಂಡತಿ ಶಿವದೇವಿ.

"ಮಷೀನಿನ ಮಾತು ನಿನಗ್ಯಾಕ? ನೀ ಪೂಜಿ ನೋಡ್ಕೋ."

ಆಕೆ ಪೂಜೆಯನ್ನೇ ನೋಡಿಕೊಂಡಳು. ಕಲ್ಯಾಣಪ್ಪನವರು ಗುಂಡಿ ಒತ್ತಿ ಏದುಸಿರು ಬಿಡುತ್ತ ಇಳಿದರೆ, "ನಿಂದರ್ರಿ, ಹೊಸಾ ಕೆಲಸ, ಹಂಗ ಮುಟ್ಟಬಾರ್ದು" ಎಂದು ಅಡ್ಡ ನಿಂತು ಕನ್ನಡಿಗೆ ವಿಭೂತಿ ಹಚ್ಚಿ, ನಿಂಬೆಹಣ್ಣು ನಿವಾಳಿಸಿದಳು. ಹೊತ್ತು ಮೀರಿತು. ಎರಡನೆಯ ಸಲ ತೆಂಗಿನಕಾಯಿ ಒಡೆಯಲಿಲ್ಲ. ಮೂರನೆಯ ಸಲ ಕರ್ಪೂರ ಹತ್ತಲಿಲ್ಲ. ಅವರು ಹಲ್ಲು ಕಡಿದರೇ ಹೊರತು ಮೂವತ್ತು ಸೆಕೆಂಡಿನ ವಿಷಯ ಬಾಯಿಬಿಡಲಿಲ್ಲ. ಹೆಂಡತಿಗೆ ವಿವರಣೆ ಕೊಡುವುದೇ? ಶಿವಶಿವಾ!

ನಾಲ್ಕನೆಯ ಸಲ ಸಿಟ್ಟಿನಿಂದ ಮೋಟಾರಿನ ಗುಂಡಿಯನ್ನು ಒತ್ತಿಯೇ ಹಿಡಿದರು. ದೀಪ ಮಿಣುಕಿ ಆರಿತು. ಹಾಗೆ ಹಿಡಿದರೆ ಎಲ್ಲ ಗುರುತೂ ಅಳಿಸಿಹೋಗುತ್ತದೆ ಎಂದು ಮುಂದಿನ ಪುಟದಲ್ಲಿತ್ತು. ಮೋಟಾರಿನ ಜೊತೆ ಬಂದಿದ್ದ ರಿಮೋಟೂ ಕೆಲಸಕ್ಕೆ ಬಾರದಾಯಿತು. ಮುಚ್ಚಿದ ಬಾಗಿಲ ಹಿಂದೆ ಕಾರು ಒಳಗೇ ಉಳಿಯಿತು.

ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದು. "ಬೀಗರ, ಸ್ಟೇಷನ್ನಿಗೆ ಯಾರೂ ಬರಲಿಲ್ಲಲ್ರಿ! ಎಲ್ಲಿ, ಒಂದ ಬೆರಳಲೆ ತೆಗೀರಿ ನೋಡೂಣು!"

"ಮೂವತ್ತು ಸೆಕೆಂಡಿನ್ಯಾಗ ಒತ್ತಬೇಕಿತ್ತು. ಎಲ್ಲಾ ನಿನ್ನ ಪೂಜಿಯಿಂದ!" ಎಂದು ಕಲ್ಯಾಣಪ್ಪನವರು ಏಣಿಯ ಮೇಲಿಂದಲೇ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಮೊದಲ ಹೇಳಿದ್ರ, ಪೂಜಿ ಆದಮ್ಯಾಲೆ ಏಣಿ ಹತ್ರಿ ಅಂತಿದ್ದೆ."

ಮೋಟಾರಿನಿಂದ ಕೆಂಪು ಹಗ್ಗವೊಂದು ಇಳಿಬಿದ್ದಿತ್ತು. ಕರೆಂಟು ಹೋದರೆ ಅದನ್ನು ಜಗ್ಗಿ ಬಾಗಿಲನ್ನು ಮೋಟಾರಿನಿಂದ ಬಿಡಿಸಬೇಕೆಂದು ಮೋಟಾರು ಕೂಡಿಸಿದವನು ಹೇಳಿದಾಗ ಯಜಮಾನರು ಮಲಗಿದ್ದರು, ಕೇಳಿಸಿಕೊಂಡವಳು ಶಿವದೇವಿ. ಆಕೆ ಹಗ್ಗ ಜಗ್ಗಿ, ಸೆರಗು ಸಿಕ್ಕಿಸಿ, ಬಾಗಿಲನ್ನು ಕೈಯಿಂದಲೇ ಮೇಲೆತ್ತಿದಳು.

ದಾನೇಶ್ವರಿ ಒಳಗೆ ಕಣ್ಣಾಡಿಸಿದರು: ವಿಭೂತಿ ಹಚ್ಚಿದ ಕನ್ನಡಿ, ಏಣಿಯ ಮೇಲೆ ಬೀಗರು.

"ಭಾಳ ಸುಧಾರಿಸೇತ್ರಿ ಬೀಗರ," ಎಂದರು. "ಹೋದ ಸಲ ನಾಕ ಮಂದಿ ಬೇಕಾಗಿತ್ತು. ಈ ಸಲ ನಮ್ಮ ಶಿವದೇವಕ್ಕ ಒಬ್ಬಾಕಿ ಸಾಕಾದ್ಲು."